ದೊಡ್ಡ ಏರ್‌ಲೈನ್ ಪಾಲು ತಗೊಂಡರೆ ನಮ್ಮ ಷೇರು ಇಟ್ಕೋಬೇಕಾ, ಮಾರಬೇಕಾ? ಅನುಭವ ಇದ್ದವರು ಹೇಳಿ

ಉದ್ಯಮಬಾಗ ಲೇಥ್, ಬೆಳಗಾವಿ:
ಎಲ್ಲರಿಗೂ ನಮಸ್ಕಾರ್ರೀ. ನನ್ನ ಹತ್ತಿರ ಒಂದು ಸಣ್ಣ ಏರ್‌ಲೈನ್‌ನ 1,150 ಷೇರು ಇವೆ. ಸರಾಸರಿ 61 ರೂಪಾಯಿಗೆ ಬಿದ್ದಿವೆ. ಈಗ ಅದರಲ್ಲಿ ಒಂದು ದೊಡ್ಡ ಏರ್‌ಲೈನ್ ಕಾಲು ಭಾಗಕ್ಕಿಂತ ಕಡಿಮೆ ಪಾಲು ತಗೊಳ್ಳುತ್ತೆ ಅಂತ ಸುದ್ದಿ. ಷೇರು 68ರ ಆಸುಪಾಸು ಆಡುತ್ತಿದೆ. ಹೆಸರು ಬೇಕಂತಲೇ ಹೇಳುತ್ತಿಲ್ಲ, ಹೇಳಿದರೆ ಮಾತೆಲ್ಲ ಅದರ ಮೇಲೇ ಹೋಗುತ್ತೆ. ಮಗಳ ಎಂಜಿನಿಯರಿಂಗ್ ಫೀಸು ಮುಂದಿನ ತಿಂಗಳು ಕಟ್ಟಬೇಕು. ಇಂಥ ಸುದ್ದಿ ಬಂದಾಗ ಷೇರು ಹಿಡಿದವರು, ಮಾರಿದವರು ಇದ್ದರೆ ಏನಾಯಿತು ಅಂತ ಹೇಳಿ.

ಟಿಳಕವಾಡಿ ನಿವೃತ್ತ:
ತಮ್ಮಾ, ನಿನಗೆ ಸರಿಯಾದ ಮನುಷ್ಯನೇ ಸಿಕ್ಕಿದ್ದೇನೆ. 2006ರಲ್ಲಿ ಡೆಕ್ಕನ್ ಏವಿಯೇಷನ್ ಐಪಿಒ ಬಂತು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರದು, ಒಂದು ರೂಪಾಯಿಗೆ ಟಿಕೆಟ್ ಮಾರಿದವರು. ಅಭಿಮಾನಕ್ಕೆ ಹಾಕಿದೆ. 148ರಂತೆ 200 ಷೇರು, 29,600 ರೂಪಾಯಿ. ಪೇಟೆಗೆ ಬಂದ ಮೊದಲ ದಿನವೇ ನೂರರ ಕೆಳಗೆ ಬಿತ್ತು. ಮನೆಯಲ್ಲಿ ಮೂರು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಚಹಾ ಕೂಡ ನಾನೇ ಮಾಡಿಕೊಂಡೆ.

2007ರ ಜೂನ್‌ನಲ್ಲಿ ಕಿಂಗ್‌ಫಿಷರ್‌ನವರು 26% ಪಾಲು ತಗೊಂಡರು, 550 ಕೋಟಿಗೆ. ಷೇರಿಗೆ 155. ನಮ್ಮಂಥವರಿಗೂ ಅದೇ ಬೆಲೆಗೆ ಓಪನ್ ಆಫರ್, ಅಂದರೆ ನಿಮ್ಮ ಷೇರನ್ನೂ ನಮಗೆ ಮಾರಿ ಅಂತ ಅವರೇ ಕರೆಯುವುದು. ಖಡೇಬಜಾರಿನ ಬ್ರೋಕರ್ ಹುಡುಗ ‘ಕಾಕಾ, ಇಟ್ಕೊಳ್ಳಿ, ಇನ್ನೂ ಏರುತ್ತೆ’ ಅಂದ. ನಾನು ಕೇಳಲಿಲ್ಲ. 155ಕ್ಕೆ ಕೊಟ್ಟು ಕೈ ತೊಳೆದುಕೊಂಡೆ. 31,000 ಬಂತು. ಲಾಭ 1,400. ಅದರಲ್ಲಿ ಶಾಹಪುರದ ಒಂದು ಸೀರೆ. ಆಮೇಲೆ ಮನೆಯಲ್ಲಿ ಮಾತು ಶುರುವಾಯಿತು.

2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ವಿಮಾನಗಳೆಲ್ಲ ನೆಲ ಹಿಡಿದವು, ನಿಮಗೆ ಗೊತ್ತೇ ಇದೆ. ಓಪನ್ ಆಫರ್ ಬಂದರೆ ಕಣ್ಣು ಮುಚ್ಚಿ ಕೊಡು. ಅಷ್ಟೇ.

ನವನಗರ ಸೆಕ್ಟರ್, ಬಾಗಲಕೋಟೆ:
1,400 ರೂಪಾಯಿ ಲಾಭಕ್ಕೆ ಇಷ್ಟು ದೊಡ್ಡ ಪುರಾಣ! ಕಾಕಾ, ಅಷ್ಟೇ ದುಡ್ಡು ಬ್ಯಾಂಕಿನಲ್ಲಿ ಇಟ್ಟಿದ್ದರೆ ಅದಕ್ಕಿಂತ ಜಾಸ್ತಿ ಬಡ್ಡಿ ಬರುತ್ತಿತ್ತು.

ನನ್ನದು ಕೇಳಿ. ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೇ ಊರಿನ ಮನೆ ಹೋಯಿತು. ಪರಿಹಾರದ ದುಡ್ಡಿನಲ್ಲಿ ಅಪ್ಪ ನವನಗರದಲ್ಲಿ ಮನೆ ಕಟ್ಟಿದರು, ಉಳಿದದ್ದನ್ನು ನನ್ನ ಕೈಗೆ ಕೊಟ್ಟರು. ‘ಇದು ನೀರಲ್ಲಿ ಮುಳುಗಿದ ದುಡ್ಡು, ಜೋಪಾನ’ ಅಂದಿದ್ದರು. ನಾನು ಅದನ್ನು ಗಾಳಿಗೆ ಹಾಕಿದೆ. ಒಂದು ಏರ್‌ಲೈನ್‌ನಲ್ಲಿ ಹೊರದೇಶದ ಏರ್‌ಲೈನ್ ಪಾಲು ತಗೊಂಡಿತ್ತು. ದೊಡ್ಡವರು ಬಂದಿದ್ದಾರೆ, ಬಿಡ್ತಾರಾ ಅಂತ ಲೆಕ್ಕ. ಹೆಸರು ಬೇಡ. ತಪ್ಪು ನನ್ನದೇ, ಯಾರೂ ಕೈ ಹಿಡಿದು ಕೊಳ್ಳಿಸಲಿಲ್ಲ.

412ಕ್ಕೆ 300 ತಗೊಂಡೆ. 366ಕ್ಕೆ ಬಂತು, ಸರಾಸರಿ ಇಳಿಸೋಣ ಅಂತ ಮತ್ತೆ 300. 240ಕ್ಕೆ ಬಂತು, ಹೆಂಡತಿಗೆ ಹೇಳದೆ ಮತ್ತೆ 300. ಒಟ್ಟು 3,05,400 ರೂಪಾಯಿ, ಬ್ರೋಕರೇಜ್ ಬಿಟ್ಟು. ಸರಾಸರಿ 339 ರೂಪಾಯಿ 33 ಪೈಸೆ. ಈ ಮೂವತ್ಮೂರು ಪೈಸೆ ಕೂಡ ನನಗೆ ಬಾಯಿಪಾಠ. ವಿಮಾನ ನಿಂತ ಮೇಲೆ 20ರ ಹತ್ತಿರ ಬಂದಾಗ ನಮ್ಮ ಸಿಎ ಹೇಳಿದರು: ‘ಮಾರಿಬಿಡಿ, ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ದು ತೆರಿಗೆಯಲ್ಲಿ ಕಳೆದುಕೊಳ್ಳಬಹುದು’. ಮಾರಲಿಲ್ಲ. ಯಾರಾದರೂ ಮತ್ತೆ ಕೊಳ್ತಾರೆ ಅಂತ ಆಸೆ. ಆಮೇಲೆ ವಹಿವಾಟೇ ನಿಂತಿತು. ಮಾರದೆ ನಷ್ಟ ತೋರಿಸೋಕೂ ಬರಲ್ಲ.

ಷೇರು ಇಡುವ ಡಿಮ್ಯಾಟ್ ಖಾತೆಯಲ್ಲಿ ಇವತ್ತಿಗೂ ಆ 900 ಕೂತಿವೆ. ಖಾತೆಯ ವಾರ್ಷಿಕ ಶುಲ್ಕ 300, ಮೇಲೆ ಜಿಎಸ್‌ಟಿ 54. ಸತ್ತ ಎಮ್ಮೆಗೆ ವರ್ಷಕ್ಕೆ 354 ರೂಪಾಯಿ ಮೇವು ಹಾಕುತ್ತಿದ್ದೇನೆ.

ಮಣೂಕ ಬೇಪಾರಿ, ವಿಜಯಪುರ:
ಬಾಗಲಕೋಟೆ ಅಣ್ಣ, ಸಿಟ್ಟಾಗಬೇಡಿ. ‘ದೊಡ್ಡವರು ಬಂದಿದ್ದಾರೆ, ಬಿಡ್ತಾರಾ’ ಅಂದ್ರಲ್ಲ, ಅಲ್ಲೇ ಎಡವಿದ್ದು. ನಮ್ಮಲ್ಲಿ ಕೋಲ್ಡ್ ಸ್ಟೋರೇಜಿನಲ್ಲಿ ನಾಲ್ಕಾಣೆ ಪಾಲು ಹಾಕುವ ಬೇಪಾರಿ ಯಾಕೆ ಹಾಕುತ್ತಾನೆ? ಸೀಜನ್ನಿನಲ್ಲಿ ತನ್ನ ಮಣೂಕದ (ಒಣದ್ರಾಕ್ಷಿ) ಬಾಕ್ಸಿಗೆ ಜಾಗ ಸಿಗಲಿ ಅಂತ. ಸ್ಟೋರೇಜಿನವನ ಸಾಲ ತೀರಿಸಲಿಕ್ಕಲ್ಲ. ಕರೆಂಟ್ ಬಿಲ್ ಕಟ್ಟದೆ ಬಾಗಿಲು ಹಾಕುವ ದಿನ ಆ ಪಾಲುದಾರ ಮೊದಲು ತನ್ನ ಬಾಕ್ಸ್ ಲಾರಿಗೆ ಏರಿಸುತ್ತಾನೆ.

ಅಬುಧಾಬಿಯ ಏರ್‌ಲೈನ್ ಎತಿಹಾದ್ ಮತ್ತು ನಮ್ಮ ಜೆಟ್ ಏರ್‌ವೇಸ್ ನೋಡಿ. 2012ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಹೊರದೇಶದ ಏರ್‌ಲೈನ್‌ಗಳಿಗೆ 49% ವರೆಗೆ ಬಾಗಿಲು ತೆರೆಯಿತು. 2013ರ ಏಪ್ರಿಲ್‌ನಲ್ಲಿ ಎತಿಹಾದ್ 24%ಗೆ ಸುಮಾರು 2,058 ಕೋಟಿ ಕೊಡುತ್ತೇವೆ ಅಂತ ಹೇಳಿತು. ಷೇರಿಗೆ 754 ರೂಪಾಯಿ 74 ಪೈಸೆ. ಪೇಟೆ ಬೆಲೆಗಿಂತ ಎಷ್ಟೋ ಜಾಸ್ತಿ. ಅದೇ ಹೊತ್ತಿಗೆ ಭಾರತ–ಅಬುಧಾಬಿ ಸೀಟು ವಾರಕ್ಕೆ 13 ಸಾವಿರ ಚಿಲ್ಲರೆ ಇದ್ದದ್ದು 50 ಸಾವಿರಕ್ಕೆ ಏರಿತು. ಲಂಡನ್ ಹೀಥ್ರೂದಲ್ಲಿ ಜೆಟ್‌ನ ಮೂರು ಜೊತೆ ಸ್ಲಾಟು (ವಿಮಾನ ಇಳಿಸಲು, ಏರಿಸಲು ಗೊತ್ತಾದ ಸಮಯ) 7 ಕೋಟಿ ಡಾಲರ್‌ಗೆ ಎತಿಹಾದ್‌ಗೆ ಹೋಯಿತು. ಪ್ರಯಾಣಿಕರಿಗೆ ಪಾಯಿಂಟು ಕೊಡುವ ಜೆಟ್‌ನ ಅಂಗಸಂಸ್ಥೆಯಲ್ಲಿ 50.1% ಪಾಲೂ ಎತಿಹಾದ್‌ಗೆ. ಬಾಕ್ಸಿಗೆ ಜಾಗ ಸಿಕ್ಕಿತು, ಅಲ್ವಾ? 2019ರ ಏಪ್ರಿಲ್ 17ಕ್ಕೆ ಜೆಟ್ ನಿಂತಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಆಸ್ತಿ ಮಾರಿ ಮುಗಿಸಿ ಅಂತ ಹೇಳಿತು. ಏರ್ ಬರ್ಲಿನ್‌ನಲ್ಲೂ ಎತಿಹಾದ್‌ದು 29% ಇತ್ತು, ಅಲಿಟಾಲಿಯಾದಲ್ಲಿ 49%. ಎರಡೂ 2017ರಲ್ಲಿ ದಿವಾಳಿ ದಾರಿ ಹಿಡಿದವು.

ನಾನು ಜೆಟ್ 340ರ ಸುಮಾರಿಗೆ ತಗೊಂಡು ಸುದ್ದಿ ಬರೀ ಗುಸುಗುಸು ಇದ್ದಾಗಲೇ 500ರ ಮೇಲೆ ಮಾರಿದೆ. ಹೇಳಬೇಕು ಅಂತ ಹೇಳುತ್ತಿಲ್ಲ, ಕೇಳಿದ್ದಕ್ಕೆ ಹೇಳಿದೆ.

ಟಿಳಕವಾಡಿ ನಿವೃತ್ತ:
ಬಾಕ್ಸು ಬಾಕ್ಸು ಅಂತ ಏನ್ರೀ ಅದು. ಜೆಟ್‌ನವರಿಗೆ ಓಪನ್ ಆಫರ್ ಬಂದಿರಬೇಕಲ್ಲ, ಆಗ 754ಕ್ಕೆ ಕೊಡಬೇಕಿತ್ತು. ಕೊಡದೆ ಕೂತವರದು ತಪ್ಪು.

ಮಣೂಕ ಬೇಪಾರಿ, ವಿಜಯಪುರ:
ಬರಲಿಲ್ಲ ಕಾಕಾ. ನಿಮ್ಮ ಕಾಲದಲ್ಲಿ 15% ದಾಟಿದರೆ ಇನ್ನೂ 20%ಗೆ ಓಪನ್ ಆಫರ್ ಕೊಡಬೇಕಿತ್ತು. 2011ರ ಅಕ್ಟೋಬರ್‌ನಿಂದ ಷೇರುಪೇಟೆ ನಿಯಂತ್ರಿಸುವ ಸೆಬಿ ಆ ಗೆರೆಯನ್ನು 25%ಗೆ ಏರಿಸಿತು. ಮುಟ್ಟಿದರೆ 26%ಗೆ ಆಫರ್. ಅದಕ್ಕೇ 24%. ಒಂದು ಹೆಜ್ಜೆ ಹಿಂದೆ ನಿಂತರು. 754 ರೂಪಾಯಿ ಹೊಸ ಷೇರಿಗೆ ಕಂಪನಿಗೆ ಹೋಯಿತು, ನಿಮ್ಮ ನಮ್ಮ ಕೈಗೆ ಒಂದು ಪೈಸೆ ಬರಲಿಲ್ಲ. ಕಣ್ಣು ಮುಚ್ಚಿ ಕೊಡು ಅಂತ ಸಲಹೆ ಕೊಡುವ ಮೊದಲು ಸ್ವಲ್ಪ ಕಣ್ಣು ತೆರೆದು ಓದಿ.

ಟಿಳಕವಾಡಿ ನಿವೃತ್ತ:
ನಾನು 34 ವರ್ಷ ನೌಕರಿ ಮಾಡಿ ಬಂದವನು. ದ್ರಾಕ್ಷಿ ಒಣಗಿಸುವವರಿಂದ ಕಾನೂನು ಕಲಿಯಬೇಕಿಲ್ಲ.

ಮಣೂಕ ಬೇಪಾರಿ, ವಿಜಯಪುರ:
ದ್ರಾಕ್ಷಿ ಒಣಗಿಸಿದ್ದಕ್ಕೇ 1,400ಕ್ಕಿಂತ ಜಾಸ್ತಿ ಉಳಿದಿದೆ.

ಕ್ಯಾಂಪ್ ಟ್ರಾವೆಲ್ಸ್, ಬೆಳಗಾವಿ:
ಷೇರಿನವರ ಅಳು ಮುಗಿದಿದ್ದರೆ ಟಿಕೆಟ್ ಮಾರುವವರದ್ದೂ ಕೇಳಿ. ಏರ್‌ಲೈನ್ ಯಾವುದು ಅಂತ ಹೇಳಲ್ಲ. ಅದರಲ್ಲೂ ಪಾಲು ತಗೊಂಡ ದೊಡ್ಡ ಏರ್‌ಲೈನ್ ಒಂದಿತ್ತು. ಏಜೆಂಟರ ವಾಲೆಟ್‌ನಲ್ಲಿ ಮುಂಗಡ ಹಾಕಿಡಬೇಕಿತ್ತು. ನಮ್ಮದು 1,86,000 ಇತ್ತು. ಒಂದು ಸಂಜೆ ವಿಮಾನ ನಿಂತಿತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ಶಟರ್ ಎತ್ತುವಾಗ ಹದಿನಾಲ್ಕು ಜನ ಹೊರಗೆ ನಿಂತಿದ್ದರು. ಒಬ್ಬ ಅಜ್ಜಿ ಉಮ್ರಾಗೆ ಹೋಗಬೇಕಿತ್ತು, ಚೀಲ ಸಮೇತ ಬಂದಿದ್ದರು. ಅಂದೇ ಬೇರೆ ಏರ್‌ಲೈನ್‌ನಲ್ಲಿ ಟಿಕೆಟ್ ತೆಗೆಸಿದೆ, ದುಪ್ಪಟ್ಟು ದರ. ಅಜ್ಜಿಯ ಹತ್ತಿರ ಹೆಚ್ಚಿನ ದುಡ್ಡು ಕೇಳೋಕೆ ಬಾಯಿ ಬರಲಿಲ್ಲ.

ಆಮೇಲೆ ಫಾರಂ ಬಿ ತುಂಬಿ ಕ್ಲೇಮ್ ಹಾಕಿ ಅಂದರು. ನೋಟರಿ 200, ಸ್ಟಾಂಪ್ ಪೇಪರ್ 100, ಕೊರಿಯರ್ ಎರಡು ಸಲ, ಬ್ಯಾಂಕ್ ಸ್ಟೇಟ್‌ಮೆಂಟಿಗೆ ಮ್ಯಾನೇಜರ್ ಮುಂದೆ ಮೂರು ದಿನ. ದಿವಾಳಿ ಕಾನೂನಿನಲ್ಲಿ ಸಾಲು ಗೊತ್ತಾ? ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅದರ ಜೊತೆಗೇ ಅಡಮಾನ ಇರುವ ಬ್ಯಾಂಕು. ನಾವು ಎಲ್ಲೋ ಹಿಂದೆ. ಷೇರಿನವರು ಸಾಲಿನ ಕಟ್ಟಕಡೆಗೆ. ನವನಗರ ಅಣ್ಣ, ನೀವು ನನಗಿಂತಲೂ ಹಿಂದೆ ನಿಂತಿದ್ದೀರಿ, ಅದೊಂದೇ ನನಗೆ ಸಮಾಧಾನ.

ನವನಗರ ಸೆಕ್ಟರ್, ಬಾಗಲಕೋಟೆ:
ಅಕ್ಕಾ, ನಗಬೇಕಾ ಅಳಬೇಕಾ ಗೊತ್ತಾಗಲಿಲ್ಲ.

ಹಿಂಡಲಗಾ ಹುಡುಗ:
ಎಲ್ಲರೂ ಸುಮ್ನೆ ಹೆದರಿಸುತ್ತಿದ್ದೀರಿ. ಸಿಂಗಾಪುರ್ ಏರ್‌ಲೈನ್ಸ್ ನೋಡಿ. ವಿಸ್ತಾರಾದಲ್ಲಿ 49% ಇತ್ತು. 2024ರ ನವೆಂಬರ್‌ನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿತು, ಈಗ ಅವರದು 25.1%. ಬಿಟ್ಟು ಓಡಲಿಲ್ಲ.

ಮಣೂಕ ಬೇಪಾರಿ, ವಿಜಯಪುರ:
ಏರ್ ಇಂಡಿಯಾ ಷೇರು ಪೇಟೆಯಲ್ಲಿ ಸಿಗುತ್ತಾ ತಮ್ಮಾ? ಇಲ್ಲ ತಾನೆ. ಮತ್ತೆ ಅದೇ ಸಿಂಗಾಪುರ್‌ನವರು ವರ್ಜಿನ್ ಅಟ್ಲಾಂಟಿಕ್‌ನಲ್ಲಿ 49%ಗೆ 60 ಕೋಟಿ ಪೌಂಡ್ ಕೊಟ್ಟಿದ್ದರು. ಅದನ್ನೇ ಡೆಲ್ಟಾದವರಿಗೆ 36 ಕೋಟಿ ಡಾಲರ್‌ಗೆ ಮಾರಿದರು. ಪೌಂಡಿನಲ್ಲಿ ಕೊಂಡು ಡಾಲರಿನಲ್ಲಿ ಮಾರಿದ್ದು, ಗಮನಿಸಿ. ಅವರಂಥವರೇ ಕೈ ಸುಟ್ಟುಕೊಂಡಿದ್ದಾರೆ.

ಹಿಂಡಲಗಾ ಹುಡುಗ:
ನಿಮಗೆ ಎಲ್ಲಾ ಗೊತ್ತು. ವಿಜಯಪುರದಲ್ಲಿ ಕೂತು ಡೆಲ್ಟಾ ಬಗ್ಗೆ ಮಾತು. ನಮ್ಮ ಸಾಂಬ್ರಾದಲ್ಲಿ 1942ರಿಂದ ರನ್‌ವೇ ಇದೆ.

ನವನಗರ ಸೆಕ್ಟರ್, ಬಾಗಲಕೋಟೆ:
ರನ್‌ವೇ ಇದ್ದರೆ ಏನು ಬಂತು, ಸಾಂಬ್ರಾದಲ್ಲಿ ಇಳಿದವರಿಗೆ ಗೋಕಾಕ ಕರದಂಟು ಕೊಟ್ಟು ಕಳಿಸುತ್ತೀರಿ. ಅಮೀನಗಡದ್ದು ತಿಂದಿಲ್ಲ ಪಾಪ.

ಟಿಳಕವಾಡಿ ನಿವೃತ್ತ:
ಗೋಕಾಕದ ಕರದಂಟಿಗೆ ಹೆಸರಿಡಬೇಡಿ. ಅಮೀನಗಡದವರು ಬೆಲ್ಲ ಜಾಸ್ತಿ ಹಾಕುತ್ತಾರೆ, ಅಂಟು ಕಾಣುವುದೇ ಇಲ್ಲ.

ನವನಗರ ಸೆಕ್ಟರ್, ಬಾಗಲಕೋಟೆ:
ಕಾಕಾ, ಬೇಕಾದರೆ ಒಂದು ಕಿಲೋ ಕೊರಿಯರ್ ಮಾಡುತ್ತೇನೆ. ನನ್ನ ಖರ್ಚಿನಲ್ಲೇ. 3,05,400 ಹೋದವನಿಗೆ ಅದೇನು ಲೆಕ್ಕ.

ಉದ್ಯಮಬಾಗ ಲೇಥ್, ಬೆಳಗಾವಿ:
ಎಲ್ಲರಿಗೂ ಧನ್ಯವಾದ್ರೀ. ಮಣೂಕದ ಅಣ್ಣ ಹೇಳಿದ ಮೇಲೆ ಕಂಪನಿಯ ಪ್ರಕಟಣೆ ತೆಗೆದು ಓದಿದೆ. ನಮ್ಮದರಲ್ಲಿ ಹೊಸ ಷೇರು ಇಲ್ಲ, ಮಾಲೀಕರೇ ತಮ್ಮ ಪಾಲು ಮಾರುತ್ತಿದ್ದಾರೆ. ಅಂದರೆ ದುಡ್ಡು ಕಂಪನಿಗೂ ಬರಲ್ಲ, ಅಲ್ವಾ? ಇದು ಒಳ್ಳೆಯದಾ ಕೆಟ್ಟದ್ದಾ, ಯಾರಾದರೂ ಹೇಳಿ.

ಟಿಳಕವಾಡಿ ನಿವೃತ್ತ:
ಕಿಲೋ ಕಳಿಸುವುದಾದರೆ ಗೋಡಂಬಿ ಹಾಕಿದ್ದು ಕಳಿಸಿ.

ಉದ್ಯಮಬಾಗ ಲೇಥ್, ಬೆಳಗಾವಿ:
ಇವತ್ತು ಬೆಳಿಗ್ಗೆ ಅರ್ಧ ಮಾರಿದೆ. 575 ಷೇರು, 68.40ಕ್ಕೆ. 39,330 ಬಂತು. ಫೀಸಿನ ಮೊದಲ ಕಂತು ಕಟ್ಟಿ ರಸೀದಿ ತಗೊಂಡೆ.

ಮಣೂಕ ಬೇಪಾರಿ, ವಿಜಯಪುರ:
ಅರ್ಧ ಯಾಕೆ ಇಟ್ಕೊಂಡ್ರಿ?

ನವನಗರ ಸೆಕ್ಟರ್, ಬಾಗಲಕೋಟೆ:
ಅರ್ಧ ಯಾಕೆ ಮಾರಿದ್ರಿ?