ಲಾರಿ ಸೀಟು ಎಷ್ಟು ಸರಿ ಮಾಡಿದರೂ ಎಡ ಟೊಂಕದ ನೋವು ಹೋಗುತ್ತಿಲ್ಲ, ಏನು ಮಾಡಲಿ?

ಸೇಡಂ ಡ್ರೈವರ್:

ಎಲ್ಲರಿಗೂ ನಮಸ್ಕಾರ. ಸೇಡಂ ಕಡೆಯಿಂದ ಸಿಮೆಂಟ್ ತುಂಬಿಕೊಂಡು ಕಲಬುರಗಿ, ಹುಮನಾಬಾದ್ ಮೇಲೆ ಬೀದರ್‌ಗೆ ಹೋಗುವ ಗಾಡಿ ನನ್ನದು. ಬರುವಾಗ ಬಹಳ ಸಲ ಖಾಲಿ. ಮೂರು ತಿಂಗಳಿಂದ ಟೊಂಕ ನೋವು, ಎಡಗಡೆ ಜಾಸ್ತಿ. ಹೊರಟ ಒಂದು ಗಂಟೆಗೆ ಶುರುವಾಗುತ್ತದೆ. ಬೀದರ್ ಮುಟ್ಟಿ ಕೆಳಗಿಳಿದರೆ ನೆಟ್ಟಗೆ ನಿಲ್ಲೋದಕ್ಕೇ ಎರಡು ನಿಮಿಷ ಬೇಕು.

ಸೀಟು ಗಾಡಿಯ ಜೊತೆ ಬಂದದ್ದೇ. ಹಿಂದೆ ಮುಂದೆ ಸರಿಯುತ್ತದೆ, ಬೆನ್ನಿನ ಭಾಗ ಬಾಗುತ್ತದೆ, ಅಷ್ಟೇ. ಕುಲುಕು ತಡೆಯುವ ಗಾಳಿ ಸೀಟಲ್ಲ. ಮೊದಲು ಮೇಲೊಂದು ದಪ್ಪ ಸ್ಪಂಜಿನ ಗಾದಿ ಹಾಕಿದೆ. ನಾಲ್ಕು ದಿನ ಹಾಯ್ ಅನಿಸಿತು, ಆಮೇಲೆ ನೋವು ಮೊದಲಿಗಿಂತ ಜಾಸ್ತಿ ಆಯಿತು. ಬೆನ್ನಿನ ಭಾಗ ಹಿಂದಕ್ಕೆ ಮಲಗಿಸಿದೆ, ಕುತ್ತಿಗೆ ಹಿಡಿಯಿತು. ಈಗ ಟೊಂಕಕ್ಕೆ ಬೆಲ್ಟ್ ಕಟ್ಟಿಕೊಂಡು ಓಡಿಸುತ್ತಿದ್ದೇನೆ. ಹೊಸ ಸೀಟೇ ಹಾಕಿಸಬೇಕಾ? ಗೊತ್ತಿದ್ದವರು ಹೇಳಿ.

ಹುಮನಾಬಾದ್ ಹಳೇ ಡ್ರೈವರ್:

ತಡೀರಿ ತಮ್ಮಾ, ಈಗಲೇ ದುಡ್ಡು ಹಾಕಬೇಡಿ. ಮೊದಲು ಇಷ್ಟು ಹೇಳಿ. ನೋವು ಊರೊಳಗೆ ಜಾಸ್ತಿಯೋ, ಹೈವೇಯಲ್ಲೋ? ಹಿಂದಿನ ಕಿಸೆಯಲ್ಲಿ ಏನಿಡುತ್ತೀರಿ? ಆ ಗಾದಿ ತೆಗೆದು, ಸೀಟಿನ ನಾಲ್ಕೂ ಮೂಲೆ ಮುಷ್ಟಿಯಿಂದ ಒತ್ತಿ ನೋಡಿ. ಆಮೇಲೆ ಸೀಟನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಎರಡೂ ಕಡೆ ಗಟ್ಟಿ ಇದೆಯಾ?

ಸೇಡಂ ಡ್ರೈವರ್:

ಊರೊಳಗೇ ಜಾಸ್ತಿ ಅಣ್ಣಾ. ಕಲಬುರಗಿ ರಿಂಗ್ ರೋಡಿನಲ್ಲಿ ನಿಂತು ನಿಂತು ಹೋಗುವಾಗ ಜೀವ ಹೋದಂತಾಗುತ್ತದೆ. ಖಾಲಿ ಬರುವಾಗಲೂ ಕಷ್ಟ. ಹಿಂದಿನ ಎಡ ಕಿಸೆಯಲ್ಲಿ ಪಾಕೀಟು ಇರುತ್ತದೆ. ಲೈಸೆನ್ಸು, ಚೀಟಿ ಎಲ್ಲ ಅದರಲ್ಲೇ.

ನೀವು ಹೇಳಿದಂತೆ ಒತ್ತಿ ನೋಡಿದೆ. ಎಡ ಹಿಂಭಾಗದಲ್ಲಿ ಕೈಗೆ ತಳದ ಕಬ್ಬಿಣವೇ ತಾಗುತ್ತದೆ. ಬಲಗಡೆ ಫೋಮ್ ಇನ್ನೂ ಚೆನ್ನಾಗಿದೆ. ಅಲ್ಲಾಡಿಸಿದರೆ ಎಡಗಡೆ ಕಟಕಟ ಅನ್ನುತ್ತದೆ. ಇಷ್ಟು ದಿನ ಅದು ಕ್ಯಾಬಿನ್ ಸದ್ದು ಅಂದುಕೊಂಡಿದ್ದೆ.

ಹುಮನಾಬಾದ್ ಹಳೇ ಡ್ರೈವರ್:

ಸಿಕ್ಕಿತು ನೋಡಿ. ನಿಮ್ಮ ಸೀಟು ಕೆಟ್ಟಿಲ್ಲ, ಸೊಟ್ಟಾಗಿದೆ. ನೀವು ದಿನಾ ಎಡಕ್ಕೆ ವಾಲಿಕೊಂಡು ಕೂತು ಓಡಿಸುತ್ತಿದ್ದೀರಿ. ಎಡಗಡೆ ಫೋಮ್ ಕುಸಿದಿದೆ. ಅದರ ಮೇಲೆ ಪಾಕೀಟು ಕುಂಡಿಯ ಕೆಳಗೆ ಕಲ್ಲಿನ ಹಾಗೆ ಒತ್ತುತ್ತದೆ. ಅಲ್ಲೇ ಕಾಲಿಗೆ ಇಳಿಯುವ ದೊಡ್ಡ ನರ ಇದೆ. ಪಾಕೀಟನ್ನು ಇವತ್ತೇ ಮುಂದಿನ ಡಬ್ಬಿಗೆ ಹಾಕಿ.

ಊರೊಳಗೆ ಯಾಕೆ ಜಾಸ್ತಿ? ಕ್ಲಚ್ಚು. ಸೀಟು ಹಿಂದಿದ್ದರೆ ಕ್ಲಚ್ ಪೂರ್ತಿ ಒತ್ತಲು ಕಾಲು ಸಾಲದು. ಆಗ ನಮಗೆ ಗೊತ್ತಿಲ್ಲದೆ ಎಡ ಸೊಂಟ ಮುಂದೆ ಜಾರುತ್ತದೆ, ಟೊಂಕ ತಿರುಚುತ್ತದೆ. ಒಂದು ಟ್ರಿಪ್ಪಿನಲ್ಲಿ ಎಷ್ಟು ನೂರು ಸಲ ಕ್ಲಚ್ ಒತ್ತುತ್ತೀರಿ, ಅಷ್ಟು ಸಲ ಅದೇ ತಿರುಚು. ಗಾದಿ ಹಾಕಿ ಎತ್ತರ ಮಾಡಿಕೊಂಡಾಗ ಪೆಡಲ್ ಇನ್ನೂ ದೂರ ಹೋಯಿತು. ಬೆನ್ನಿನ ಭಾಗ ಮಲಗಿಸಿದಾಗ ಸ್ಟೇರಿಂಗ್ ದೂರ ಹೋಯಿತು, ನೀವು ಕುತ್ತಿಗೆ ಮುಂದೆ ಚಾಚಿದಿರಿ. ಒಂದನ್ನು ಸರಿ ಮಾಡಲು ಹೋಗಿ ಇನ್ನೊಂದು ಕೆಟ್ಟಿತು.

ಮೆತ್ತನೆ ಸ್ಪಂಜಿನ ವಿಷಯ ಬಹಳ ಡ್ರೈವರುಗಳಿಗೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೂತ ಮನುಷ್ಯನ ಬೆನ್ನು ಸೆಕೆಂಡಿಗೆ 4ರಿಂದ 8 ಸಲ ಬರುವ ಕುಲುಕಿಗೆ ಹೆಚ್ಚು ಕುಣಿಯುತ್ತದೆ. ಲಾರಿಯ ಕುಲುಕು ಬಹಳ ಸಲ ಅದರ ಹತ್ತಿರವೇ ಇರುತ್ತದೆ. ದಪ್ಪ ಮೆತ್ತನೆ ಸ್ಪಂಜು ಆ ಕುಲುಕನ್ನು ತಡೆಯುವುದಿಲ್ಲ, ಇನ್ನಷ್ಟು ಎತ್ತಿ ಹಾಕುತ್ತದೆ. ಕೈಗೆ ಮೆತ್ತಗೆ, ಟೊಂಕಕ್ಕೆ ಪೆಟ್ಟು. ಖಾಲಿ ಗಾಡಿಯದೂ ಹಾಗೇ. ಗಾಡಿಯ ಕೆಳಗಿನ ಪಾಟಿ ಸ್ಪ್ರಿಂಗ್ ಇರುವುದು ಲೋಡ್ ಹೊರಲು. ಭಾರ ಇಲ್ಲದಾಗ ಅದು ಬಗ್ಗುವುದೇ ಇಲ್ಲ, ಹೊಡೆತ ನೇರ ಮೇಲೆ ಬರುತ್ತದೆ. ನಮ್ಮ ಕಡೆ ಎರೆ ಭೂಮಿ ಬೇರೆ. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಡಾಂಬರು ಅಲೆ ಅಲೆ ಆಗಿರುತ್ತದೆ. ಖಾಲಿ ಇದೆ ಅಂತ ಅಲ್ಲಿ ಜೋರಾಗಿ ಓಡಿಸಬೇಡಿ.

ಕಲಬುರಗಿ ಸೀಟ್ ಕೆಲಸದವ:

ಕಟಕಟ ಸದ್ದಿನ ಬಗ್ಗೆ ನಾನು ಹೇಳುತ್ತೇನೆ. ಸೀಟಿನ ಕೆಳಗೆ, ಅದು ಹಿಂದೆ ಮುಂದೆ ಸರಿಯಲು, ಎರಡು ಪಟ್ಟಿ ಇರುತ್ತವೆ. ಲಿವರ್ ಬಿಟ್ಟಾಗ ಎರಡೂ ಕಡೆಯ ಹಲ್ಲು ಕೂರಬೇಕು. ಸಿಮೆಂಟ್ ಗಾಡಿಗಳಲ್ಲಿ ಪಟ್ಟಿಯೊಳಗೆ ಸಿಮೆಂಟ್ ಧೂಳು ತುಂಬಿ ಒಂದು ಕಡೆ ಹಲ್ಲು ಕೂರುವುದೇ ಇಲ್ಲ. ನಿಮ್ಮದೂ ಅದೇ ಇರಬೇಕು. ಬಲಗಡೆ ಲಾಕ್, ಎಡಗಡೆ ಸಡಿಲು. ಕ್ಲಚ್ ಒತ್ತಿದಾಗೆಲ್ಲ ಸೀಟೇ ಒಂದಿಷ್ಟು ತಿರುಗುತ್ತದೆ. ಇದು ಬರೀ ಟೊಂಕದ ಮಾತಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಸೀಟು ಮುಂದೆ ಹಾರಿದರೆ ಏನು ಗತಿ? ಮುಂದಿನ ಟ್ರಿಪ್ಪಿಗೆ ಮೊದಲೇ ನೋಡಿಸಿ.

ದಯವಿಟ್ಟು ನೀರು ಹಾಕಿ ತೊಳೆಯಬೇಡಿ. ಸಿಮೆಂಟ್ ಅಲ್ವಾ, ಪಟ್ಟಿಯೊಳಗೇ ಕಲ್ಲಾಗುತ್ತದೆ. ಒಣ ಬ್ರಷ್ಷಿನಿಂದ ಕೆರೆದು, ಗಾಳಿ ಹೊಡೆಸಿ. ಪಂಕ್ಚರ್ ಅಂಗಡಿಯ ಗಾಳಿಯೇ ಸಾಕು. ಕಣ್ಣಿಗೆ ಧೂಳು ಬೀಳದಂತೆ ನೋಡಿಕೊಳ್ಳಿ. ಆಮೇಲೆ ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಗ್ರೀಸ್ ಮೆತ್ತಬೇಡಿ, ಮತ್ತೆ ಧೂಳು ಹಿಡಿಯುತ್ತದೆ. ಗ್ರಾಫೈಟ್ ಪುಡಿ ಸಿಕ್ಕರೆ ಒಳ್ಳೆಯದು. ಪಟ್ಟಿಯನ್ನು ನೆಲಕ್ಕೆ ಹಿಡಿದ ನಾಲ್ಕು ಬೋಲ್ಟೂ ಬಿಗಿ ಮಾಡಿ. ಹಲ್ಲು ಸವೆದಿದ್ದರೆ ಪಟ್ಟಿ ಜೋಡಿಯಾಗಿ ಬದಲಿಸಿ, ವೆಲ್ಡಿಂಗ್ ಮಾಡಿಸಬೇಡಿ.

ಫೋಮ್‌ಗೆ ಹೊಸ ಸೀಟು ಬೇಡ. ಕವರ್ ಬಿಚ್ಚಿಸಿ ಕೂರುವ ಭಾಗದ ಫೋಮ್ ಪೂರ್ತಿ ಬದಲಿಸಿ, ಗಟ್ಟಿ ಫೋಮ್ ಕೇಳಿ. ಕುಸಿದ ಮೂಲೆಗೆ ಮಾತ್ರ ತುಂಡು ತುರುಕಿಸಿದರೆ ತಿಂಗಳಲ್ಲಿ ಗಂಟಾಗುತ್ತದೆ.

ಹುಮನಾಬಾದ್ ಹಳೇ ಡ್ರೈವರ್:

ಇವರು ಹೇಳಿದ್ದು ಮುಗಿದ ಮೇಲೆ ಸೀಟು ಹೊಂದಿಸಿ. ಯಾವುದು ಮೊದಲು ಅನ್ನೋದು ಮುಖ್ಯ. ಗಾಡಿ ನಿಂತಿರಲಿ, ಕಾಲಲ್ಲಿ ದಿನಾ ಹಾಕುವ ಚಪ್ಪಲಿಯೋ ಬೂಟೋ ಇರಲಿ. ಬೆನ್ನು ಸೀಟಿಗೆ ಅಂಟುವಂತೆ ಹಿಂದಕ್ಕೆ ಸರಿದು ಕೂತುಕೊಳ್ಳಿ. ಈಗ ಕ್ಲಚ್ ತಳದ ತನಕ ಒತ್ತಿ. ಆಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು, ಸೊಂಟ ಜಾಗ ಬಿಡಬಾರದು. ಅಲ್ಲಿಗೆ ಸೀಟನ್ನು ಎಳೆದು ಲಾಕ್ ಮಾಡಿ. ಸೀಟಿನ ಮುಂದಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಹಿಡಿಯುವಷ್ಟು ಜಾಗ ಇರಲಿ.

ಆಮೇಲೆ ಬೆನ್ನಿನ ಭಾಗ. ಪೂರ್ತಿ ನೆಟ್ಟಗೂ ಬೇಡ, ಮಲಗಿಸುವುದೂ ಬೇಡ. 100ರಿಂದ 110 ಡಿಗ್ರಿ ಅನ್ನುತ್ತಾರೆ. ನಮಗೆ ಅಳೆಯುವ ಕೋಲು ಸ್ಟೇರಿಂಗೇ. ಭುಜ ಸೀಟಿಗೆ ಒರಗಿದ್ದಾಗ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗ್ ಮೇಲ್ತುದಿಗೆ ಮುಟ್ಟಬೇಕು. ಭುಜ ಎದ್ದರೆ ಬೆನ್ನಿನ ಭಾಗವನ್ನು ಇನ್ನೊಂದು ಹಲ್ಲು ಮುಂದೆ ತನ್ನಿ. ಒಂದು ಟವೆಲ್ ಸುತ್ತಿ, ಪ್ಯಾಂಟಿನ ಬೆಲ್ಟ್ ಬರುವ ಜಾಗಕ್ಕೆ ಸ್ವಲ್ಪ ಮೇಲೆ ಇಟ್ಟುಕೊಳ್ಳಿ. ದಪ್ಪ ಬೇಡ. ಒರಗಿದಾಗ ಟೊಂಕದ ತಗ್ಗು ತುಂಬಿದರೆ ಸಾಕು.

ಕನ್ನಡಿ ಕೊನೆಗೆ. ಹೀಗೆ ಸರಿಯಾಗಿ ಕೂತು ಎರಡೂ ಕನ್ನಡಿ ಹೊಂದಿಸಿ. ದಾರಿಯಲ್ಲಿ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣದಿದ್ದರೆ ಕನ್ನಡಿ ಮುಟ್ಟಬೇಡಿ. ನೀವು ಕೆಳಗೆ ಜಾರಿದ್ದೀರಿ, ಮೇಲೆ ಸರಿದು ಕೂತುಕೊಳ್ಳಿ. ನನ್ನ ಬೆನ್ನು ಉಳಿದದ್ದು ಇದೊಂದರಿಂದಲೇ ಅಂತ ನಾನು ನಂಬಿದ್ದೇನೆ.

ಯಾದಗಿರಿ ಟ್ಯಾಂಕರ್:

ನಡುವೆ ಬಂದದ್ದಕ್ಕೆ ಬೇಜಾರು ಬೇಡ. ನನ್ನದು ಕೆಳಗೆ ಸ್ಪ್ರಿಂಗ್ ಇರುವ, ತೂಕದ ತಿರುಪು ಇರುವ ಸೀಟು. ಗುಂಡಿ ಬಂದರೆ ಧಡ್ ಅಂತ ತಳಕ್ಕೆ ಹೊಡೆಯುತ್ತದೆ.

ಹುಮನಾಬಾದ್ ಹಳೇ ಡ್ರೈವರ್:

ತಿರುಪು ನಿಮ್ಮ ತೂಕಕ್ಕಿಂತ ಕಡಿಮೆಗೆ ಇದೆ. ಕಿಲೋ ಬರೆದಿರುತ್ತದೆ, ನಿಮ್ಮ ತೂಕಕ್ಕೆ ತಿರುಗಿಸಿ. ನೀವು ಕೂತಾಗ ಸೀಟು ಮೇಲೂ ಅಲ್ಲ, ಕೆಳಗೂ ಅಲ್ಲ, ನಡುವೆ ನಿಲ್ಲಬೇಕು. ಆಮೇಲೂ ಹೊಡೆದರೆ ಸೀಟಿನ ಕುಣಿತ ತಡೆಯುವ ಡ್ಯಾಂಪರ್ ಹೋಗಿರುತ್ತದೆ.

ಬೀದರ್ ಫಿಸಿಯೋ:

ಬೆಲ್ಟ್ ಬಗ್ಗೆ ಒಂದು ಮಾತು. ದಿನವಿಡೀ ಬೆಲ್ಟ್ ಕಟ್ಟಿ ಓಡಿಸುವುದು ಪರಿಹಾರವಲ್ಲ. ನಿಧಾನಕ್ಕೆ ಬಿಡಿ. ಎರಡು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲೇ 5 ಗಂಟೆ ಕೆಲಸ ಆಗುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ ಇತ್ತು. ಬೆನ್ನಿಗೆ ಅದಕ್ಕಿಂತ ಬೇಗನೇ ಬೇಕು. ಕ್ಯಾಬಿನ್ನಿಂದ ಧುಮುಕಬೇಡಿ, ಮುಖ ಒಳಗೆ ಮಾಡಿ ಹಿಡಿ ಹಿಡಿದುಕೊಂಡು ಇಳಿಯಿರಿ. ಇಳಿದ ಕೂಡಲೇ 50 ಕೆಜಿ ಚೀಲಕ್ಕೆ ಕೈ ಹಾಕಬೇಡಿ. ಅಷ್ಟು ಹೊತ್ತು ಕುಲುಕಿದ ಬೆನ್ನಿಗೆ ಸ್ವಲ್ಪ ಹೊತ್ತು ಕೊಡಿ.

ಇನ್ನೊಂದು, ಇದು ಗಂಭೀರ. ಕಾಲಿನ ಬಲ ಕಡಿಮೆಯಾದರೆ, ತೊಡೆಯ ಸಂದು ಜೋಮು ಹಿಡಿದರೆ, ಮೂತ್ರ ಹಿಡಿತ ತಪ್ಪಿದರೆ ಅಥವಾ ಬರದೇ ಹೋದರೆ ಸೀಟು ನೋಡುತ್ತ ಕೂರಬೇಡಿ. ಅದೇ ದಿನ, ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೋಗಿ. ಬೀದರ್‌ನಲ್ಲಿ ಬ್ರಿಮ್ಸ್ ಇದೆ, ಕಲಬುರಗಿಯಲ್ಲಿ ಜಿಮ್ಸ್ ಇದೆ.

ಸೇಡಂ ಡ್ರೈವರ್ (ಹತ್ತು ದಿನದ ಮೇಲೆ):

ಎಲ್ಲರಿಗೂ ಕೈ ಮುಗಿಯುತ್ತೇನೆ. ಎಡ ಪಟ್ಟಿಯಿಂದ ಒಂದು ಹಿಡಿ ಸಿಮೆಂಟ್ ಬಂತು. ಒಂದು ಬೋಲ್ಟ್ ಕೈಯಲ್ಲೇ ತಿರುಗುತ್ತಿತ್ತು. ಫೋಮ್ ಬದಲಿಸಿದೆ, ಸೀಟು ಮೂರು ಹಲ್ಲು ಮುಂದೆ ಬಂತು. ಮೊದಲೆರಡು ದಿನ ಸ್ಟೇರಿಂಗ್ ಎದೆಗೇ ಬಂದಂತೆ ಅನಿಸಿತು. ಈಗ ರೂಢಿಯಾಗಿದೆ. ಕಮಲಾಪುರದಲ್ಲಿ ಚಹಾಕ್ಕೆ ತಪ್ಪದೆ ಇಳಿಯುತ್ತೇನೆ. ರಿಂಗ್ ರೋಡಿನಲ್ಲಿ ಆ ಎಡಗಡೆ ಚಳಕು ಬರುತ್ತಿಲ್ಲ. ಖಾಲಿ ಬರುವಾಗ ಸ್ವಲ್ಪ ಇದೆ.

ಒಂದೇ ತೊಂದರೆ. ವಾರದಲ್ಲಿ ಎರಡು ದಿನ ಇನ್ನೊಬ್ಬ ಡ್ರೈವರ್ ಗಾಡಿ ತೆಗೆದುಕೊಂಡು ಹೋಗುತ್ತಾನೆ. ಅವನು ನನಗಿಂತ ಗಿಡ್ಡ. ಬಂದ ಮೇಲೆ ಮತ್ತೆ ಎಲ್ಲ ಹುಡುಕಬೇಕು.

ಹುಮನಾಬಾದ್ ಹಳೇ ಡ್ರೈವರ್:

ಪಟ್ಟಿಯ ಮೇಲೆ ಬಣ್ಣದ ಗುರುತು ಹಾಕಿ. ನಿಮ್ಮದು ಕೆಂಪು, ಅವನದು ಬಿಳಿ. ಬೆನ್ನಿನ ಭಾಗದ ಮಡಿಕೆಯ ಹತ್ತಿರವೂ ಹಾಗೇ. ಅವನನ್ನೂ ಒಂದು ಸಲ ಕೂರಿಸಿ, ಕ್ಲಚ್ ಒತ್ತಿಸಿ, ಅವನ ಗುರುತನ್ನು ನೀವೇ ಹಾಕಿಕೊಡಿ. ಖಾಲಿ ಬರುವಾಗಿನ ನೋವಿಗೆ ಮೊದಲು ಟೈರ್ ಗಾಳಿ ನೋಡಿ, ಆಮೇಲೆ ಕ್ಯಾಬಿನ್ ಕೆಳಗಿನ ರಬ್ಬರ್ ಬುಷ್ ಸವೆದಿದೆಯಾ ನೋಡಿಸಿ. ಏನಾಯಿತು ಅಂತ ಬಂದು ಹೇಳಿ.