ಸೆವೆನ್‌ಗೆ ಏರೋಸ್ಕ್ರೀನ್ ಹಾಕಿಸುವ ಮುಂಚೆ: ಗ್ಯಾರೇಜ್ ಮಂಜಣ್ಣನ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇಂಗ್ಲೆಂಡಿನಲ್ಲಿರುವ ನಮ್ಮ ಗುಂಪಿನ ಕೆಲವರ ಹತ್ತಿರ ಕೇಟರ್‌ಹ್ಯಾಮ್ ಸೆವೆನ್ ಎಂಬ ಪುಟ್ಟ, ತೆರೆದ ಸ್ಪೋರ್ಟ್ಸ್ ಕಾರು ಇದೆ. ಬೇಸಿಗೆ ಬಂತು ಅಂದರೆ ಎಲ್ಲರದ್ದೂ ಒಂದೇ ಪ್ರಶ್ನೆ: ಮುಂದಿನ ದೊಡ್ಡ ಗಾಜು ಬಿಚ್ಚಿ ರೇಸ್ ಗಾಡಿ ಥರ ಪುಟ್ಟ ಏರೋಸ್ಕ್ರೀನ್ ಹಾಕಬಹುದಾ? ಸರ್ರೆಯಲ್ಲಿ ಗ್ಯಾರೇಜ್ ನಡೆಸುವ ದಾವಣಗೆರೆಯ ಮಂಜಣ್ಣ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಮೆಸೇಜ್ ಬೇಡ.

ಮಂಜಣ್ಣ: ಎಲ್ಲರಿಗೂ ನಮಸ್ಕಾರ. ಸೆವೆನ್‌ನಲ್ಲಿ ಮುಂದಿನ ಗಾಜಿನ ಮೇಲೆ ಬಾಡಿಯ ಭಾರ ಏನೂ ಇಲ್ಲ. ಎರಡು ಪಕ್ಕ ಎರಡು ಕಂಬ, ಅವನ್ನು ಸ್ಕಟಲ್‌ಗೆ, ಅಂದರೆ ಡ್ಯಾಶ್‌ಬೋರ್ಡ್ ಮೇಲಿನ ಉಬ್ಬಿದ ಭಾಗಕ್ಕೆ, ಬೋಲ್ಟ್ ಮಾಡಿರುತ್ತಾರೆ. ಬಿಚ್ಚುವುದು ದೊಡ್ಡ ಕೆಲಸ ಅಲ್ಲ. ಅದರ ಜೊತೆ ಏನೇನು ಹೋಗುತ್ತದೆ ಅಂತ ಮಾತ್ರ ಯಾರೂ ಯೋಚಿಸುವುದಿಲ್ಲ. ಕೇಳಿ.

ರಾಘು, ಕೋವೆಂಟ್ರಿ: ಅಣ್ಣಾ, ಹಾಗಾದ್ರೆ ಏನೇನು ಹೋಗುತ್ತೆ? ಬರೀ ಗಾಜು ತಾನೆ?

ಮಂಜಣ್ಣ: ಅಲ್ಲ ರಾಘು. ಬಾಗಿಲ ಹಿಂಜ್ ಇರುವುದು ಆ ಕಂಬದ ಮೇಲೆ. ಹಾಗಾಗಿ ಬಾಗಿಲು ಹೋಯಿತು. ಹುಡ್‌ನ, ಅಂದರೆ ಬಟ್ಟೆಯ ಮೇಲ್ಛಾವಣಿಯ, ಬಟನ್ ಕೂರುವುದು ಗಾಜಿನ ಚೌಕಟ್ಟಿನ ಮೇಲೆ. ಹುಡ್ ಹೋಯಿತು. ಪಕ್ಕದ ಕನ್ನಡಿಗಳು ಬಾಗಿಲ ಮೇಲೋ ಕಂಬದ ಮೇಲೋ ಇರುತ್ತವೆ, ಒಳಗಿನ ಕನ್ನಡಿ ಗಾಜಿಗೇ ಅಂಟಿರುತ್ತದೆ. ಮೂರೂ ಹೋದವು. ಇಲ್ಲಿನ ಎಂಒಟಿಯಲ್ಲಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ವರ್ಷಕ್ಕೊಮ್ಮೆ ನೋಡುವ ಪರೀಕ್ಷೆಯಲ್ಲಿ, 1978 ಆಗಸ್ಟ್ 1ರಿಂದ ಈಚೆಗೆ ರಸ್ತೆಗೆ ಬಂದ ಕಾರಿಗೆ ಕನಿಷ್ಠ ಎರಡು ಕನ್ನಡಿ ಇರಲೇಬೇಕು. ಒಂದು ಡ್ರೈವರ್ ಪಕ್ಕ ಹೊರಗೆ, ಇನ್ನೊಂದು ಒಳಗೆ ಅಥವಾ ಎಡಗಡೆ ಹೊರಗೆ. ಏರೋಸ್ಕ್ರೀನ್ ತರಿಸುವಾಗಲೇ ಕನ್ನಡಿಯ ಸ್ಟ್ಯಾಂಡೂ ತರಿಸಿ.

ಇನ್ನೊಂದು ವಿಷಯ. ಬಹುತೇಕ ಸೆವೆನ್‌ಗಳ ಗಾಜು ಬಿಸಿಯಾಗುವ ಗಾಜು, ಅದಕ್ಕೆ ವೈರ್ ಬರುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ಬಿಚ್ಚಿದ ಮೇಲೆ ಆ ವೈರಿನ ತುದಿ ಸುಮ್ನೆ ನೇತಾಡಲು ಬಿಡಬೇಡಿ. ಫ್ಯೂಸ್ ತೆಗೆದಿಡಿ, ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ. ಮೊಣಕಾಲು ತಗುಲಿ ಸ್ವಿಚ್ ಒತ್ತಿಹೋದರೆ, ತುದಿ ಷಾಸಿಗೆ ಮುಟ್ಟಿದ್ದರೆ, ಮುಂದಿನದು ನಿಮಗೇ ಗೊತ್ತು. ವೈಪರ್ ಕಡ್ಡಿ ತೆಗೆದರೆ ಅದರ ಫ್ಯೂಸೂ ತೆಗೆಯಿರಿ, ಉಳಿದ ತೂತಿಗೆ ರಬ್ಬರ್ ಬಿರಡೆ ಹಾಕಿ. ಇಲ್ಲವಾದರೆ ಮಳೆನೀರು ನೇರವಾಗಿ ವೈರಿಂಗ್ ಮೇಲೆ.

ಕಿರಣ್, ಸ್ಲೌ: ಸರ್, ಏರೋಸ್ಕ್ರೀನ್‌ಗೆ ವೈಪರ್ ಬೇಕಾ? ಎಂಒಟಿ ಪಾಸ್ ಆಗುತ್ತಾ?

ಮಂಜಣ್ಣ: ಗಾಜಿನ ಮೇಲಿಂದ ನೋಡಿದರೇ ರಸ್ತೆ ಸರಿಯಾಗಿ ಕಾಣುವುದಾದರೆ ವೈಪರ್ ಬೇಡ, ಗಾಜಿಗೆ ನೀರು ಚಿಮ್ಮಿಸುವ ವಾಷರೂ ಬೇಡ. ಗಾಜಿನ ಮೂಲಕವೇ ನೋಡಬೇಕು ಅಂದರೆ ಎರಡೂ ಬೇಕು.

ಮಧು, ಲೆಸ್ಟರ್: ಮಂಜಣ್ಣ, ನಾನು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾನೇ ಏರೋಸ್ಕ್ರೀನ್ ಮಾಡಿಕೊಂಡೆ. ಅಲ್ಯೂಮಿನಿಯಂ ಪಟ್ಟಿಗೆ ನಾಲ್ಕು ಬೋಲ್ಟ್. ಹಾಕುವಾಗ ಚೆನ್ನಾಗಿತ್ತು. ಈಗ ಕೆಳಗಿನ ಎರಡು ತೂತಿನ ಸುತ್ತ ಬೆಳ್ಳಗೆ ಕೂದಲಿನಂಥ ಗೆರೆಗಳು ಕಾಣುತ್ತಿವೆ. ಫೋಟೊ ಹಾಕಿದ್ದೇನೆ. ಗಾಡಿಗೆ ಏನೂ ಬಡಿದಿಲ್ಲ. ಶನಿವಾರ ವೇಲ್ಸ್ ಕಡೆ ಹೋಗೋಣ ಅಂತಿದ್ದೇನೆ. ತೊಂದರೆ ಇದೆಯಾ?

ಮಂಜಣ್ಣ: ಮಧು, ಇದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇರೆಯವರೂ ಓದಿ. ಪಾಲಿಕಾರ್ಬೊನೇಟ್‌ಗೆ ಕಲ್ಲು ಬಡಿದರೆ ತಡೆಯುತ್ತದೆ, ಅದಕ್ಕೇ ಎಲ್ಲರೂ ಅದನ್ನು ನಂಬುತ್ತಾರೆ. ಆದರೆ ಒಂದು ಕಡೆ ಎಳೆತ ಇದ್ದು, ಅದೇ ಜಾಗಕ್ಕೆ ತಪ್ಪು ರಾಸಾಯನಿಕ ತಗುಲಿದರೆ, ಯಾರೂ ಮುಟ್ಟದೆ ತಾನಾಗಿ ಬಿರುಕು ಬಿಡುತ್ತದೆ. ನಿಮ್ಮ ಫೋಟೊ ದೊಡ್ಡದು ಮಾಡಿ ನೋಡಿದೆ. ಗೆರೆಗಳು ತೂತಿನ ಅಂಚಿನಿಂದ ಹೊರಟು ಹೊರಗೆ ಹರಡಿವೆ, ಮೇಲಿನ ಎರಡು ತೂತಲ್ಲಿ ಒಂದೂ ಇಲ್ಲ. ಕಲ್ಲೇಟು ಹಾಗಿರುವುದಿಲ್ಲ.

ಮೂರು ವಿಷಯ ಹೇಳಿ. ಒಂದು, ತೂತು ಬೋಲ್ಟಿಗೆ ಎಷ್ಟು ಬಿಗಿ? ಬಿಸಿಲಿಗೆ ಪಾಲಿಕಾರ್ಬೊನೇಟ್ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. 400 ಮಿ.ಮೀ ಅಗಲದ ಹಾಳೆ 40 ಡಿಗ್ರಿ ಬಿಸಿ ಏರಿದರೆ ಹತ್ತಿರ ಹತ್ತಿರ 1 ಮಿ.ಮೀ ಬೆಳೆಯುತ್ತದೆ, ಅಲ್ಯೂಮಿನಿಯಂ ಅದರ ಮೂರನೇ ಒಂದು ಭಾಗ. ತೂತಲ್ಲಿ ಜಾಗ ಇಲ್ಲದಿದ್ದರೆ ಹಾಳೆ ಬೋಲ್ಟಿಗೇ ಒತ್ತಿಕೊಂಡು ಕೂರುತ್ತದೆ. ತೂತು ಬೋಲ್ಟಿಗಿಂತ 1.5ರಿಂದ 2 ಮಿ.ಮೀ ದೊಡ್ಡದಿರಬೇಕು, ರಬ್ಬರ್ ವಾಷರ್ ಬೇಕು. ಎರಡು, ಬೋಲ್ಟಿನ ತಲೆ ಎಂಥದ್ದು? ಒಳಗೆ ಇಳಿದು ಕೂರುವ ಕೋನದ ತಲೆ ಆದರೆ ಬಿಗಿ ಮಾಡಿದ ಹಾಗೆಲ್ಲ ಹಾಳೆಯನ್ನು ಬೆಣೆಯಂತೆ ಸೀಳುತ್ತದೆ. ತಳ ಚಪ್ಪಟೆ ಇರುವ ತಲೆಯೇ ಆಗಬೇಕು. ಮೂರು, ಮುಖ್ಯವಾದದ್ದು: ನಟ್ ಸಡಿಲ ಆಗದಿರಲಿ ಅಂತ ಥ್ರೆಡ್‌ಲಾಕ್ ಹಾಕಿದ್ದೀರಾ? ಆ ನೀಲಿ ಅಂಟು ಕಬ್ಬಿಣಕ್ಕೆ ಸರಿ, ಪಾಲಿಕಾರ್ಬೊನೇಟ್‌ಗೆ ವಿಷ. ಹನಿ ಬೋಲ್ಟ್ ಗುಂಟ ಇಳಿದು ತೂತಿನ ಅಂಚಿಗೆ ಹೋಗುತ್ತದೆ, ಅಲ್ಲಿ ಮೊದಲೇ ಎಳೆತ ಇರುತ್ತದೆ. ಬ್ರೇಕ್ ಕ್ಲೀನರ್, ಪೆಟ್ರೋಲ್, ಅಸಿಟೋನ್ ಹಾಕಿ ಒರೆಸಿದರೂ ಇದೇ ಕಥೆ. ಅಮೋನಿಯಾ ಇರುವ ಗಾಜಿನ ಸ್ಪ್ರೇಯೂ ಬೇಡ. ಸೋಪು ನೀರು, ಮೆತ್ತನೆ ಬಟ್ಟೆ, ಅಷ್ಟೇ.

ಈ ಬಿರುಕು ವಾಸಿ ಆಗುವುದಿಲ್ಲ. ತುಂಬಿಸಲು, ಉಜ್ಜಲು ಹೋಗಬೇಡಿ. 70 ಮೈಲಿ ವೇಗದಲ್ಲಿ ಗಾಳಿ ಆ ಹಾಳೆಯನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ, ತಡೆದಿರುವುದು ಕೆಳಗಿನ ಎರಡು ಬೋಲ್ಟ್. ಕಿತ್ತರೆ ಬರುವುದು ನಿಮ್ಮ ಮುಖದ ಕಡೆಗೇ. ಉತ್ತರ ಕೊಡಿ, ಕಾಯುತ್ತೇನೆ.

ವಿನಯ್ ಎಸ್.: ಮಧು ಬ್ರೋ, ಸಿಂಪಲ್. ಬಿಳಿ ಟೂತ್‌ಪೇಸ್ಟ್ ಹಾಕಿ ಬಟ್ಟೆಯಲ್ಲಿ ಉಜ್ಜಿ. ಗೆರೆ ಮಾಯ. ನನ್ನ ಹೆಡ್‌ಲೈಟ್‌ಗೆ ಮಾಡಿದ್ದೆ. ಮೇಲೆ ಡಬ್ಲ್ಯೂಡಿ-40.

ಮಂಜಣ್ಣ: ವಿನಯ್, ಮೇಲ್ಮೈ ಗೀರು ಬೇರೆ, ತೂತಿಂದ ಹೊರಟ ಬಿರುಕು ಬೇರೆ. ಟೂತ್‌ಪೇಸ್ಟ್ ಹಾಕಿದರೆ ಗೆರೆ ಕಾಣದೆ ಇರಬಹುದು, ಅದು ಇನ್ನೂ ಅಪಾಯ. ಜೊತೆಗೆ ಹಾಳೆಯ ಮೇಲಿನ ಗೀರು ತಡೆಯುವ ಲೇಪನವೂ ಹೋಗುತ್ತದೆ.

ವಿನಯ್ ಎಸ್.: ಸರ್ ಯೂಟ್ಯೂಬ್‌ನಲ್ಲಿ ಲಕ್ಷಾಂತರ ಜನ ನೋಡಿದ್ದಾರೆ.

ಮಂಜಣ್ಣ: ನೋಡಲಿ.

ಸ್ಮಿತಾ, ರೀಡಿಂಗ್: ಸರ್, ನನ್ನ ಎತ್ತರ 5 ಅಡಿ 1 ಇಂಚು. ನಮ್ಮೆಜಮಾನರಿಗೆ ಸರಿಹೋಗುವ ಏರೋಸ್ಕ್ರೀನ್ ನನಗೆ ಸರಿಯಿಲ್ಲ. ಅದರ ಮೇಲಂಚು ನನ್ನ ಕಣ್ಣಿಗೆ ಸರಿಯಾಗಿ ಬರುತ್ತದೆ, ರಸ್ತೆ ಎರಡು ತುಂಡಾಗಿ ಕಾಣುತ್ತದೆ. ದಿಂಬು ಹಾಕಿಕೊಳ್ಳಲಾ?

ಮಂಜಣ್ಣ: ಒಳ್ಳೆ ಪ್ರಶ್ನೆ ಮೇಡಂ. ಅಂಚು ಕಣ್ಣಿನ ಮಟ್ಟಕ್ಕೆ ಬರುವುದೇ ಎಲ್ಲಕ್ಕಿಂತ ಕೆಟ್ಟದ್ದು. ಎದುರಿನ ಗಾಡಿ ಆ ಗೆರೆಯ ಹಿಂದೆ ಒಂದು ಕ್ಷಣ ಮರೆಯಾಗಬಹುದು. ದಿಂಬು ಬೇಡ, ಅಪಘಾತದಲ್ಲಿ ಅದು ಕುಸಿದು ಬೆಲ್ಟ್ ಸಡಿಲ ಆಗುತ್ತದೆ. ಸೀಟನ್ನೇ ಸರಿಯಾಗಿ ಎತ್ತರಿಸಬಹುದು. ಆದರೆ ಎತ್ತರಿಸಿದ ಮೇಲೂ ತಲೆ ರೋಲ್ ಬಾರ್‌ಗಿಂತ, ಅಂದರೆ ಗಾಡಿ ಮಗುಚಿದರೆ ತಲೆ ಕಾಯುವ ಸೀಟಿನ ಹಿಂದಿನ ಕಂಬಿಗಿಂತ, ಕೆಳಗೇ ಇರಬೇಕು. ಅದು ಆಗದಿದ್ದರೆ ಗಿಡ್ಡ ಏರೋಸ್ಕ್ರೀನ್ ಹಾಕಿಸಿ. ನೀವು ಗಾಜಿನ ಮೂಲಕ ನೋಡುತ್ತಿದ್ದೀರಿ ಅಂತ ಎಂಒಟಿ ಪರೀಕ್ಷಕನಿಗೆ ಅನಿಸಿದರೆ ವೈಪರ್ ಕೇಳುತ್ತಾನೆ. ನಿಮ್ಮೆಜಮಾನರ ಕಥೆ ಉಲ್ಟಾ ಇರಬಹುದು, ಕೇಳಿ ನೋಡಿ. ತೀರಾ ಎತ್ತರದವರಿಗೆ ಏರೋಸ್ಕ್ರೀನ್ ಎತ್ತಿದ ಗಾಳಿ ತಲೆ ಮೇಲೆ ಹೋಗುವ ಬದಲು ಗಲ್ಲಕ್ಕೆ ಬಡಿಯುತ್ತದೆ, ಹೆಲ್ಮೆಟ್ ಮೇಲಕ್ಕೆ ಎಳೆದ ಹಾಗೆ ಆಗುತ್ತದೆ.

ಗಿರೀಶ್, ಮಿಲ್ಟನ್ ಕೀನ್ಸ್: ಅಣ್ಣಾ, ವೈಪರ್ ಬೇಕಾ ಬೇಡ್ವಾ?

ಮಂಜಣ್ಣ: ಮೇಲೆ ಹೇಳಿದೆ.

ಸಂತೋಷ್ ಪಿ.: ಹೆಲ್ಮೆಟ್ ಇಲ್ಲದೆ ಏರೋಸ್ಕ್ರೀನ್ ಗಾಡಿ ಓಡಿಸುವುದು ಇಲ್ಲಿ ಕಾನೂನುಬಾಹಿರ. ಎಲ್ಲರಿಗೂ ತಿಳಿದಿರಲಿ.

ಅರವಿಂದ್, ಬ್ರಿಸ್ಟಲ್: ತಪ್ಪು. ಕಾರಿಗೆ ಹೆಲ್ಮೆಟ್ ಕಡ್ಡಾಯ ಅನ್ನೋ ಕಾನೂನು ಇಲ್ಲಿಲ್ಲ. ಬೈಕಿಗೆ ಮಾತ್ರ.

ಸಂತೋಷ್ ಪಿ.: ಗಾಜಿಲ್ಲದ ಕಾರು ಬೈಕೇ ತಾನೆ? ಕಾಮನ್ ಸೆನ್ಸ್.

ಅರವಿಂದ್, ಬ್ರಿಸ್ಟಲ್: ಕಾನೂನಿನಲ್ಲಿ ಕಾಮನ್ ಸೆನ್ಸ್ ಅಂತ ಕಲಂ ಎಲ್ಲಿದೆ ತೋರಿಸಿ ಮತ್ತೆ.

ಸಂತೋಷ್ ಪಿ.: ನಿಮ್ಮ ಹಾಗೆ ವಾದ ಮಾಡೋರ ಮುಖಕ್ಕೇ ಮೊದಲ ಕಲ್ಲು ಬೀಳೋದು.

ಮಂಜಣ್ಣ: ಕಾನೂನು ಅರವಿಂದ್ ಹೇಳಿದ್ದು ಸರಿ. ಬುದ್ಧಿ ಸಂತೋಷ್ ಹೇಳಿದ್ದು ಸರಿ. ಹೆಲ್ಮೆಟ್ ಇಲ್ಲದಿದ್ದರೆ ಕಡೇಪಕ್ಷ ಒಳ್ಳೆ ಗಾಗಲ್ ಬೇಕು, ತಂಪು ಕನ್ನಡಕ ಸಾಲದು, ಪಕ್ಕದಿಂದ ಗಾಳಿ ನುಗ್ಗುತ್ತದೆ. ಲಾರಿ ಹಿಂದೆ ಹತ್ತಿರ ಹೋಗಬೇಡಿ, ಟೈರ್ ಎತ್ತುವ ಜಲ್ಲಿಕಲ್ಲು ನೇರ ಬರುತ್ತದೆ. ಮಳೆ ಹನಿ ಬಡಿದರೂ ಸೂಜಿ ಚುಚ್ಚಿದ ಹಾಗೆ. ವಾದ ಬೇರೆ ಕಡೆ ಮಾಡಿ.

ಪ್ರಸಾದ್, ವೋಕಿಂಗ್: ನಮಸ್ಕಾರ ಸರ್. ಏರೋಸ್ಕ್ರೀನ್ ಹಾಕಿಸಿದ್ದೇನೆ. ಈಗ ಮಗಳಿಗೆ ಏಳು ವರ್ಷ, ಪಕ್ಕದ ಸೀಟಲ್ಲಿ ಕೂರುತ್ತೇನೆ ಅಂತ ಹಟ. ಬೂಸ್ಟರ್ ಸೀಟ್ ಇದೆ. ನನ್ನ ಹೆಂಡತಿಯ ಹೆಲ್ಮೆಟ್ ಹಾಕಿ ಕೂರಿಸಬಹುದು ಅಂತ ಒಂದು ಗುಂಪಲ್ಲಿ ಹೇಳಿದರು. ಓಕೆನಾ?

ಮಂಜಣ್ಣ: ಓಕೆ ಅಲ್ಲ ಪ್ರಸಾದ್. ದಯವಿಟ್ಟು ಮಾಡಬೇಡಿ.

12 ವರ್ಷ ಆಗುವ ತನಕ, ಇಲ್ಲವೇ 135 ಸೆಂ.ಮೀ ಎತ್ತರ ಬರುವ ತನಕ ಮಗುವಿನ ಸೀಟ್ ಬೇಕು, ಅದು ನಿಮಗೆ ಗೊತ್ತಿದೆ, ಸಂತೋಷ. ನನಗೆ ಹೆದರಿಕೆ ಹೆಲ್ಮೆಟ್ ಬಗ್ಗೆ. ದೊಡ್ಡವರ ಹೆಲ್ಮೆಟ್ ಏಳು ವರ್ಷದ ಮಗುವಿನ ತಲೆಯ ಮೇಲೆ ಸಡಿಲ, ಭಾರ ಬೇರೆ. ಜೋರಾಗಿ ಬ್ರೇಕ್ ಹಾಕಿದರೆ ದೇಹ ಬೆಲ್ಟಲ್ಲಿ ನಿಲ್ಲುತ್ತದೆ, ತಲೆ ಆ ಭಾರದ ಜೊತೆ ಮುಂದಕ್ಕೆ ಹೋಗುತ್ತದೆ, ಎಲ್ಲ ಹೊಡೆತ ಆ ಸಣ್ಣ ಕುತ್ತಿಗೆಗೆ. ಹೆಲ್ಮೆಟ್ ಹಾಕದಿದ್ದರೆ ಕಲ್ಲಿಗೆ ಅಡ್ಡ ಏನೂ ಇಲ್ಲ, ಯಾಕೆಂದರೆ ಏರೋಸ್ಕ್ರೀನ್ ಮಾಡಿರುವುದು ದೊಡ್ಡವರ ಅಳತೆಗೆ. ಎರಡೂ ಕಡೆಯಿಂದ ತಪ್ಪು. ಮಗಳು ಬರುವ ದಿನ ದೊಡ್ಡ ಗಾಜು ಹಾಕಿ. ಬೋಲ್ಟ್‌ಗಳೇ ತಾನೆ, ಬಾಗಿಲು ಸಮೇತ ಮತ್ತೆ ಕೂರಿಸಿ. ಗಾಜು ಮಾರಿಬಿಟ್ಟಿದ್ದರೆ ಈಗಲೇ ಇನ್ನೊಂದು ಹುಡುಕಿ. ಅಲ್ಲಿಯ ತನಕ ಅವಳಿಗೆ ಗಾಡಿ ಶೆಡ್ಡಿನಲ್ಲೇ.

ಪ್ರಸಾದ್, ವೋಕಿಂಗ್: ಸರಿ ಸರ್. ಗಾಜು ಲಾಫ್ಟಲ್ಲಿದೆ.

ಮಂಜಣ್ಣ: ಇಳಿಸಿ.

ಲೋಹಿತ್: ಸರ್ ನನ್ನದು ಮಾಜ್ಡಾ ಎಂಎಕ್ಸ್-5. ಗಾಜಿನ ಚೌಕಟ್ಟು ಕತ್ತರಿಸಿ ಏರೋಸ್ಕ್ರೀನ್ ಹಾಕಿದರೆ ಎಷ್ಟು ಖರ್ಚು?

ಮಂಜಣ್ಣ: ಕತ್ತರಿಸಬೇಡಿ. ಸೆವೆನ್‌ನಲ್ಲಿ ಗಾಜನ್ನು ಬೋಲ್ಟ್ ಮಾಡಿರುತ್ತಾರೆ, ನಿಮ್ಮದರಲ್ಲಿ ಚೌಕಟ್ಟು ಬಾಡಿಯದೇ ಭಾಗ. ಗಾಡಿ ಮಗುಚಿದರೆ ನಿಮ್ಮನ್ನು ಉಳಿಸುವುದು ಆ ಚೌಕಟ್ಟು.

ಲೋಹಿತ್: ಅಮೆರಿಕದಲ್ಲಿ ಮಾಡಿದ್ದಾರೆ ಸರ್.

ಹರೀಶ್, ಬೆಂಗಳೂರು: ಮಂಜಣ್ಣ, ನಮ್ಮ ಥಾರ್‌ಗೆ ಈ ಥರ ಪುಟ್ಟ ಗಾಜು ಹಾಕಿ ಸಕಲೇಶಪುರ ಹೋಗಬೇಕು ಅಂತ ಆಸೆ.

ಮಂಜಣ್ಣ: ಬೇಡ. ಅಲ್ಲಿ ಗಾಡಿಯ ಮೂಲ ವಿನ್ಯಾಸ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಂಗೆ ವಿರುದ್ಧ. ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಜೈಲೂ ಇದೆ.

ಹರೀಶ್, ಬೆಂಗಳೂರು: ಹೌದಾ? ಹಾಗಾದ್ರೆ ಹಳೇ ಮಹೀಂದ್ರಾ ಜೀಪಿನ ಗಾಜು ಮಡಚಿ ಬಾನೆಟ್ ಮೇಲೆ ಮಲಗಿಸ್ತಿದ್ರಲ್ಲ, ಅದು?

ರಾಘು, ಕೋವೆಂಟ್ರಿ: ಅದು ಕಂಪನಿಯಿಂದಲೇ ಹಾಗೆ ಬಂದದ್ದು ಮಾರಾಯಾ.

ವಿನಯ್ ಎಸ್.: ಫೆರಾರಿ ಮೊಂಜಾ ಎಸ್‌ಪಿ1 2018ರಲ್ಲೇ ಗಾಜಿಲ್ಲದೆ ಬಂತು. ಗಾಳಿಯೇ ಗಾಜು. ನೀವು ಇಲ್ಲಿ ಬೋಲ್ಟು, ತೂತು ಅಂತಿದ್ದೀರಾ.

ಅರವಿಂದ್, ಬ್ರಿಸ್ಟಲ್: ಅದಕ್ಕೆ ಕಂಪನಿಯವರು ಗಾಳಿ ತಿರುಗಿಸೋ ದಾರಿ ಮಾಡಿದ್ದಾರೆ. ಹಾಗಿದ್ರೂ ಹೆಲ್ಮೆಟ್ ಹಾಕ್ತಾರೆ. ಮ್ಯಾಕ್‌ಲಾರೆನ್ ಎಲ್ವಾನೂ ಮೊದಲು ಗಾಜಿಲ್ಲದೆ ಬಂತು, ಆಮೇಲೆ ಗಾಜಿರೋ ಮಾದರಿಯನ್ನೂ ತಂದರು.

ವಿನಯ್ ಎಸ್.: ನೀವು ಎಲ್ಲದಕ್ಕೂ ಮಧ್ಯೆ ಬರ್ತೀರಲ್ಲ ಗುರುಗಳೇ.

ಸಂತೋಷ್ ಪಿ.: ಅದೇ ನಾನೂ ಹೇಳಿದ್ದು.

ಶಾಂತಲಾ, ಕೇಂಬ್ರಿಡ್ಜ್: ಏರೋಸ್ಕ್ರೀನ್ ಹಾಕಿದ್ದನ್ನು ಇನ್ಶೂರೆನ್ಸ್‌ನವರಿಗೆ ಹೇಳಿದರೆ ಪ್ರೀಮಿಯಂ ಎಷ್ಟು ಏರಬಹುದು?

ದಿನೇಶ್: ಮಂಜಣ್ಣ, ಹಳೇ ಬ್ರೂಕ್‌ಲ್ಯಾಂಡ್ಸ್ ಗಾಜು ಜೋಡಿ ಸೆಕೆಂಡ್ ಹ್ಯಾಂಡ್ ಸಿಗ್ತಿದೆ, ಹಿತ್ತಾಳೆ ಚೌಕಟ್ಟು, ಮಡಚಬಹುದು. ನಂಬಬಹುದಾ?

ಮಂಜಣ್ಣ: ನೋಡಲು ಬಲು ಚಂದ. 1907ರಲ್ಲಿ ಶುರುವಾಗಿ 1939ಕ್ಕೆ ಮುಚ್ಚಿದ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನ ಹೆಸರು ಅದಕ್ಕೆ. ತೆಗೆದುಕೊಳ್ಳುವ ಮುಂಚೆ ಗಾಜಿನ ಮೂಲೆ ನೋಡಿ. ಸುರಕ್ಷಿತ ಗಾಜು ಅನ್ನುವುದಕ್ಕೆ ಬಿಎಸ್ 857 ಅಂತಲೋ, ವೃತ್ತದೊಳಗೆ ಇ ಗುರುತೋ ಕೊರೆದಿರಬೇಕು. ಯಾರೋ ಕಿಟಕಿ ಗಾಜು ಕತ್ತರಿಸಿ ಕೂರಿಸಿದ್ದರೆ ಒಡೆದಾಗ ಕತ್ತಿ ತುಂಡು. ಗುರುತು ಇಲ್ಲದಿದ್ದರೆ ಚೌಕಟ್ಟು ಮಾತ್ರ ಕೊಂಡು ಲ್ಯಾಮಿನೇಟೆಡ್ ಗಾಜು ಹಾಕಿಸಿ.

ಮಂಜುಳಾ ಆರ್.: ಫಾರ್ವರ್ಡೆಡ್: "ಮಳೆ ಬಂದರೆ ಚಿಂತೆ ಬೇಡ. ಹೆಚ್ಚಿದ ಆಲೂಗಡ್ಡೆ ಅಥವಾ ತಂಬಾಕು ಗಾಜಿಗೆ ಉಜ್ಜಿ, ವೈಪರ್ ಅಗತ್ಯವೇ ಇಲ್ಲ. ಹತ್ತು ಜನಕ್ಕೆ ಕಳಿಸಿ."

ಮಂಜಣ್ಣ: ಆಲೂಗಡ್ಡೆ ಪಲ್ಯ ಮಾಡಿ. ತಂಬಾಕು ಬೇಡ, ಪ್ಲಾಸ್ಟಿಕ್‌ಗೂ ಬೇಡ, ನಿಮಗೂ ಬೇಡ. ಗಾಜಿಗೆ ಹಾಕುವ ಮಳೆ ಲೋಷನ್‌ಗಳನ್ನೂ ಪಾಲಿಕಾರ್ಬೊನೇಟ್‌ಗೆ ಹಾಕಬೇಡಿ, ಡಬ್ಬಿಯ ಮೇಲೆ ಪ್ಲಾಸ್ಟಿಕ್‌ಗೆ ಅಂತ ಬರೆದಿದ್ದರೆ ಮಾತ್ರ ಹಾಕಿ. ಅಡ್ಮಿನ್ ಮೊದಲೇ ಹೇಳಿದ್ದರು ಫಾರ್ವರ್ಡ್ ಬೇಡ ಅಂತ.

ಮಂಜುಳಾ ಆರ್.: ಸಹಾಯ ಆಗಲಿ ಅಂತ ಹಾಕಿದೆ. ಇಷ್ಟು ಒರಟಾಗಿ ಹೇಳಬೇಕಿರಲಿಲ್ಲ.

ಗಿರೀಶ್, ಮಿಲ್ಟನ್ ಕೀನ್ಸ್: ಅಂದ್ರೆ ವೈಪರ್ ಬೇಕು ಅಂತಾಯ್ತು?

ರಾಘು, ಕೋವೆಂಟ್ರಿ: ಗಿರೀಶಣ್ಣಾ, ಮೇಲೆ ಓದಿ, ಕೈ ಮುಗೀತೀನಿ.

ಮಧು, ಲೆಸ್ಟರ್: ಸಾರಿ ಮಂಜಣ್ಣ, ಕೆಳಗೆ ಹೋಗಿ ನೋಡಿ ಬಂದೆ. ತೂತು ಬೋಲ್ಟಿಗೆ ಸರಿಯಾಗಿ ಬಿಗಿ, ಚೂರೂ ಜಾಗ ಇಲ್ಲ. ತಲೆ ಚಪ್ಪಟೆ ಇದೆ. ಥ್ರೆಡ್‌ಲಾಕ್ ಹಾಕಿದ್ದು ಕೆಳಗಿನ ಎರಡಕ್ಕೆ ಮಾತ್ರ, ಮೇಲಿನದಕ್ಕೆ ಡಬ್ಬಿ ಖಾಲಿ ಆಗಿತ್ತು.

ಮಂಜಣ್ಣ: ಡಬ್ಬಿ ಖಾಲಿ ಆಗಿದ್ದರಿಂದಲೇ ಬಿರುಕಿನ ಕಾರಣ ಗೊತ್ತಾಯಿತು. ಆ ಹಾಳೆ ಬಿಸಾಕಿ. ಮೇಲಿನ ತೂತುಗಳು ಚೆನ್ನಾಗಿವೆ ಅಂತ ತಿರುಗಿಸಿ ಹಾಕಲು ಹೋಗಬೇಡಿ. ಹೊಸದಕ್ಕೆ ದೊಡ್ಡ ತೂತು, ಅಂಚು ನುಣುಪು, ರಬ್ಬರ್ ವಾಷರ್, ಅಂಟಿನ ಬದಲು ನೈಲಾನ್ ಇರುವ ಲಾಕ್ ನಟ್. ಶನಿವಾರ ದೊಡ್ಡ ಗಾಜಿನಲ್ಲೇ ವೇಲ್ಸ್‌ಗೆ ಹೋಗಿ.

ಮಧು, ಲೆಸ್ಟರ್: ಆಯ್ತು. ಹಳೇ ಗಾಜು ಮತ್ತೆ ಹಾಕುವಾಗ ಕಂಬದ ಬೋಲ್ಟಿಗೂ ಥ್ರೆಡ್‌ಲಾಕ್ ಬೇಡ್ವಾ?

ಮಂಜಣ್ಣ: ಅಲ್ಲಿ ಬರೀ ಲೋಹ, ಹಾಕಬಹುದು. ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ.

ಅಡ್ಮಿನ್: ಹೊಸ ಪ್ರಶ್ನೆ ಸಾಕು. ಅರವಿಂದ್, ಸಂತೋಷ್, ವಿನಯ್, ನಿಮ್ಮ ಮೂವರ ಜಗಳ ಪ್ರೈವೇಟ್ ಮೆಸೇಜಲ್ಲಿ ಮುಂದುವರಿಸಿ.

ಶಾಂತಲಾ, ಕೇಂಬ್ರಿಡ್ಜ್: ನನ್ನ ಇನ್ಶೂರೆನ್ಸ್ ಪ್ರಶ್ನೆ?