ಸಹಾಯ ಬೇಕು: ಹುಬ್ಬಳ್ಳಿ ಅಮರಗೋಳದ ಹಳೇ ಉಳ್ಳಾಗಡ್ಡಿ (ಈರುಳ್ಳಿ) ದರಪಟ್ಟಿ

ಎಲ್ಲರಿಗೂ ನಮಸ್ಕಾರ್ರಿ. ನಾನು ಗದಗ ಕಡೆಯವನು. ಉಳ್ಳಾಗಡ್ಡಿ ರಫ್ತಿಗೆ ಕೇಂದ್ರ ಹಾಕಿದ ತಾತ್ಕಾಲಿಕ ತಡೆಗಳು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾದವು ಅಂತ ಬರೆದಿಡುತ್ತಿದ್ದೇನೆ.

2019 ಮತ್ತು 2020, ಎರಡೂ ಸೆಪ್ಟೆಂಬರ್‌ನಲ್ಲಿ ನೇರ ನಿಷೇಧ. ನಮ್ಮ ಮುಂಗಾರಿನ ಗಡ್ಡಿ ಹೊಲದಿಂದ ಏಳುವ ಹೊತ್ತಿಗೇ ಹೀಗಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? 2023ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಂತು: ಆಗಸ್ಟ್‌ನಲ್ಲಿ ಶೇ 40 ಸುಂಕ, ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ದರ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ. ಅದು 2024ರ ಮಾರ್ಚ್ 31ಕ್ಕೆ ಮುಗಿಯಬೇಕಿತ್ತು, ಮುಂದುವರಿಸಿದರು. ಮೇನಲ್ಲಿ ನಿಷೇಧ ಹೋದರೂ ಶೇ 40 ಸುಂಕ ಇತ್ತು, ಸೆಪ್ಟೆಂಬರ್‌ನಲ್ಲಿ ಶೇ 20ಕ್ಕೆ ಇಳಿದು 2025ರ ಏಪ್ರಿಲ್ 1ಕ್ಕೆ ಪೂರ್ತಿ ಹೋಯಿತು.

ಈ ತಿಂಗಳುಗಳ ಅಮರಗೋಳ ಎಪಿಎಂಸಿ ದರಪಟ್ಟಿ, ಇಲ್ಲವೇ ನಿಮ್ಮದೇ ಹಳೇ ದಲಾಲಿ ಚೀಟಿ ಇದ್ದರೆ ಫೋಟೋ ಹಾಕ್ರಿ. ಹೆಸರು, ನಂಬರ್ ಮುಚ್ಚಿ ಹಾಕಿದರೂ ಸಾಕು, ತಾರೀಖು ಮತ್ತು ಕ್ವಿಂಟಲ್ ದರ ಕಾಣಬೇಕು.